ತಾಲೂಕು ಆಸ್ಪತ್ರೆ ಐಸಿಟಿಸಿ (ಎಚ್‌ಐವಿ ಸಲಹೆ-ಪರೀಕ್ಷೆ ಕೇಂದ್ರ): ಒಳಗಡೆಗೆ ಐದಕ್ಕೆ ಐದು, ಬಾಗ್ಲಿಗೆ ಎರಡೇ

ಮದ್ವೆ ಮುಂಚೆ ಇಬ್ರೂ ಎಚ್‌ಐವಿ ಟೆಸ್ಟ್ ಮಾಡಿಸ್ಬಿಡೋಣ ಅಂತ ನಾನೂ ನಮ್ ಹುಡ್ಗೀನೂ ಹೋಗಿದ್ವಿ. ಶಿವಮೊಗ್ಗ ಜಿಲ್ಲೆದೇ ಆಸ್ಪತ್ರೆ, ಯಾವ್ದು ಅಂತ ಹೇಳಲ್ಲ, ಅಲ್ಲಿ ಕೌನ್ಸೆಲರ್ ಇರೋದೇ ಒಬ್ರು.

ಖರ್ಚು ಒಂದ್ ರೂಪಾಯಿ ಇಲ್ಲ. ಮೇಡಂ ಇಬ್ರನ್ನೂ ಬೇರೆಬೇರೆ ಕೂರ್ಸಿ ಮಾತಾಡಿದ್ರು, ಕೇಳಿದ್ದೆಲ್ಲ ಖಾಸಗಿ ವಿಷ್ಯಾನೇ ಆದ್ರೂ ಉಪದೇಶ ಇಲ್ಲ, ಮುಖ ಸಿಂಡರಿಸೋದಿಲ್ಲ. ರಿಪೋರ್ಟ್ ಅವತ್ತೇ ಬಂತು, ಅವರವ್ರ ಕೈಗೇ ಕೊಟ್ರು. 2017ರ ಎಚ್‌ಐವಿ ಕಾಯ್ದೆ ಇದ್ಯಲ್ಲ, ರಿಸಲ್ಟ್‌ನ ಕಂಡೋರಿಗೆಲ್ಲ ಹೇಳ್ಕೊಂಡು ಓಡಾಡೋಹಾಗಿಲ್ಲ.

ನೆಗೆಟಿವ್ ಬಂತಲ್ಲ ಅಂತ ಎದ್ರೆ ಮೇಡಂ ಬಿಡ್ಲಿಲ್ಲ. ವಿಂಡೋ ಪೀರಿಯಡ್ ಅಂತಿದೆ, ಮೊನ್ನೆಮೊನ್ನೆ ಸೋಂಕು ತಗ್ಲಿದ್ರೆ ಈ ಟೆಸ್ಟಲ್ಲಿ ಕಾಣ್ದೇ ಇರ್ಬೋದು, ಅನುಮಾನ ಇದ್ರೆ 3 ತಿಂಗ್ಳು ಬಿಟ್ಟು ಮತ್ತೆ ಬನ್ನಿ ಅಂದ್ರು. ಇನ್ನೊಂದು, ಅಪಾಯ ಆಯ್ತು ಅನ್ಸಿದ್ರೆ 72 ಗಂಟೆ ಒಳಗೆ ಪಿಇಪಿ ಮಾತ್ರೆ ಶುರು ಮಾಡಿ 28 ದಿನ ತಗೊಂಡ್ರೆ ಸೋಂಕು ತಡೀಬೋದಂತೆ, ಎಷ್ಟ್ ಬೇಗ ಅಷ್ಟ್ ಒಳ್ಳೇದು. ಇದನ್ನ ಯಾವ ಪೋಸ್ಟರಲ್ಲೂ ನೋಡಿರ್ಲಿಲ್ಲ ನಾನು. ಅಲ್ಲಿ ಗೋಡೆ ಮೇಲಿರೋದು ಸೊಳ್ಳೆಯಿಂದ ಬರಲ್ಲ, ಜೊತೇಲಿ ಉಂಡ್ರೆ ಬರಲ್ಲ, ಅಷ್ಟೇ.

ಈಗ ಬಾಗ್ಲು. ಓಪಿಡಿ ಕ್ಯೂ ಎದುರಿಗೇ ಇದೆ, ಮೇಲೆ ಏಡ್ಸ್ ಗುರುತಿನ ದೊಡ್ಡ ಕೆಂಪು ರಿಬ್ಬನ್ ಬೋರ್ಡು. ನಮ್ ಮಲೆನಾಡಲ್ಲಿ ಆ ಬೆಂಚ್ ಮೇಲೆ ಕೂತ ಅಜ್ಜಿ 'ನೀ ಯಾರ ಮನೆಯವ್ನೋ ತಮ್ಮಾ' ಅಂತ ಕೇಳ್ದೆ ಬಿಡ್ತಾಳಾ? ಸಂಜೆ ಒಳಗೆ ಅಡಿಕೆ ಮಂಡಿವರೆಗೂ ಸುದ್ದಿ. ಪಕ್ಕದಲ್ಲಿ ಕಾಂಡೋಮ್ ಡಬ್ಬ ಇದೆ, ಖಾಲಿ.

ನಮ್ ಕಡೆ ಅದೆಲ್ಲ ಎಲ್ಲಿದೆ ಮಾರಾಯ ಅಂತಾರೆ ಜನ. ಇಡೀ ದೇಶ ತಗೊಂಡ್ರೆ ಕಮ್ಮಿ ಹೌದು, ದೊಡ್ಡೋರಲ್ಲಿ 0.2% ಆಸುಪಾಸು. ಆದ್ರೆ ಕಮ್ಮಿ ಅಂತ್ಲೇ ಯಾರಿಗೂ ಅನುಮಾನ ಬರಲ್ಲ, ತಿಂಗ್ಳುಗಟ್ಲೆ ಜ್ವರ ಬಂದ್ರೂ ಕಷಾಯ ಕುಡ್ಕೊಂಡು ಇರ್ತಾರೆ, ಗೊತ್ತಾಗೋ ಹೊತ್ಗೆ ಲೇಟು. ಬಸುರಿ ಹೆಂಗಸ್ರಿಗೆ ತಪಾಸಣೆ ಜೊತೆಗೇ ಈ ಟೆಸ್ಟೂ ಆಗುತ್ತೆ, ಗಂಡಸ್ರಿಗೆ ಹಾಗೆ ಎಲ್ರಿಗೂ ಆಗೋ ದಾರಿ ಇಲ್ಲ, ಹೆಚ್ಚಿನೋರು ತಾವಾಗೇ ಆ ಬಾಗ್ಲು ದಾಟ್ಬೇಕು. ಬೇಗ ಗೊತ್ತಾಗಿ ಎಚ್‌ಐವಿ ಹತೋಟೀಲಿಡೋ ಎಆರ್‌ಟಿ ಮಾತ್ರೆ ಬಿಡ್ದೆ ತಗೊಂಡು ವೈರಸ್ ಟೆಸ್ಟಿಗೇ ಸಿಗದಷ್ಟು ಇಳಿದ್ರೆ ಲೈಂಗಿಕವಾಗಿ ಇನ್ನೊಬ್ರಿಗೆ ಹರಡಲ್ಲ, ಔಷಧಿನೂ ಫ್ರೀ.

ಹೋಗೋರು ಬೆಳಿಗ್ಗೆನೇ ಹೋಗಿ. ಹೋಗೋಕ್ ಮುಂಚೆ ಏನಾದ್ರೂ ಕೇಳ್ಬೇಕು ಅಂದ್ರೆ ಏಡ್ಸ್ ಸಹಾಯವಾಣಿ 1097ಗೆ ಫೋನ್ ಮಾಡಿ, ದುಡ್ಡಿಲ್ಲ.