ನಾಯಿಗೆ ಉಣ್ಣಿ ಕಾಟ: ಹನಿ ಔಷಧಿಯೋ, ಮಾತ್ರೆಯೋ, ಕೊರಳಪಟ್ಟಿಯೋ?

ಅಕ್ಕಾ, ಕಲಬುರಗಿಯಲ್ಲಿ ಈ ಮೂರೂ ಸಿಗುತ್ತವೆ. ಆಯ್ಕೆ ನಿಮ್ಮ ಮನೆ ಹೇಗಿದೆ ಅನ್ನೋದರ ಮೇಲಿದೆ.

ಫಿಪ್ರೊನಿಲ್ ಹನಿ ಒಂದು ಸಲಕ್ಕೆ ಅಗ್ಗ, ಆದರೆ ತಿಂಗಳಿಗೊಮ್ಮೆ ಬೆನ್ನಿಗೆ ಹಾಕಬೇಕು. ಫ್ಲುರಲನರ್ ಮಾತ್ರೆ ದುಬಾರಿ, ಸುಮಾರು 12 ವಾರ ಸಾಕು. ಫ್ಲುಮೆಥ್ರಿನ್ ಇರುವ ಒಳ್ಳೆಯ ಪಟ್ಟಿ 7-8 ತಿಂಗಳು ಬರುತ್ತದೆ.

ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ನಾಯಿಗೆ ಪದೇ ಪದೇ ಸ್ನಾನ ಮಾಡಿಸ್ತೀರಿ ಅಲ್ವಾ? ಹಾಗಿದ್ದರೆ ಹನಿ ಬೇಡ, ಮಾತ್ರೆ ವಾಸಿ.

ರೋಗದ ವಿಷಯ ಮಾತ್ರ ಬೇರೆ. ಉಣ್ಣಿ ಕಚ್ಚಿದ ಮೇಲೇ ಮಾತ್ರೆ ಅದನ್ನು ಕೊಲ್ಲುತ್ತದೆ, ಆದರೆ ಉಣ್ಣಿಯಲ್ಲಿರುವ ಎರ್ಲಿಕಿಯಾ ಅನ್ನೋ ರೋಗಾಣು ಕೆಲವೇ ಗಂಟೆಗಳಲ್ಲಿ ನಾಯಿಯ ರಕ್ತಕ್ಕೆ ಸೇರಬಹುದು, ಆಮೇಲೆ ಜ್ವರ, ಊಟ ಬಿಡುವುದು, ಕೆಲವೊಮ್ಮೆ ಮೂಗಿನಿಂದ ರಕ್ತ. ಪಟ್ಟಿಯ ಔಷಧಿ ಸೋಕಿದರೇ ಉಣ್ಣಿ ಸಾಯುವುದರಿಂದ, ಬೀದಿನಾಯಿ ಜಾಸ್ತಿ ಇರುವ ಓಣಿಗೆ ನಾನು ಪಟ್ಟಿಯನ್ನೇ ಹೇಳುತ್ತೇನೆ. ನಾಯಿಯನ್ನು ತಬ್ಬಿ ಮಲಗುವ ಪುಟ್ಟ ಮಕ್ಕಳಿದ್ದರೆ ಮಾತ್ರೆ ಒಳ್ಳೆಯದು. ನಾಯಿಗೆ ಫಿಟ್ಸ್ ಬರುತ್ತಿದ್ದರೆ ವೈದ್ಯರನ್ನು ಕೇಳದೆ ಆ ಮಾತ್ರೆ ಕೊಡಲೇಬೇಡಿ.

ಮನೆಯಲ್ಲಿ ಬೆಕ್ಕೂ ಇದೆಯಾ? ಪರ್ಮೆಥ್ರಿನ್ ಇರುವ ಹನಿ ತರಬೇಡಿ, ಅದು ಬೆಕ್ಕಿನ ಜೀವ ತೆಗೆಯಬಹುದು.

ಯಾವುದನ್ನೇ ತಂದರೂ ಶಹಾಬಾದ್ ಕಲ್ಲಿನ ಸಂದು, ಗೋಡೆ ಬಿರುಕು ನೋಡಿ. ಹೆಣ್ಣು ಉಣ್ಣಿ ನಾಯಿಯಿಂದ ಇಳಿದು ಅಲ್ಲೇ ಸಾವಿರಾರು ಮೊಟ್ಟೆ ಇಡುತ್ತದೆ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ನಾಯಿ ಮಲಗುವ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಔಷಧಿ ಕೊಳ್ಳುವ ಮೊದಲು ನಾಯಿಯ ತೂಕ ನೋಡಿಸಿ, ಹನಿ, ಮಾತ್ರೆಯ ಅಳತೆ ಅದರ ಮೇಲೇ ನಿಲ್ಲುತ್ತದೆ.