ಎಸ್ತೆಲಿಯ ನಾಲ್ಕು ಕಪ್ಪು ಸಿಗಾರ್‌ಗಳು: ಬಣ್ಣವೇ ಬೇರೆ, ಬಲವೇ ಬೇರೆ

ಸಿಗಾರ್ ಅಂಗಡಿಗೆ ಹೊಸದಾಗಿ ಬಂದವರು ಕಪ್ಪಗಿರುವುದನ್ನು ಕಂಡರೆ ಹಿಂದೆ ಸರಿಯುತ್ತಾರೆ. ಕಪ್ಪಾದಷ್ಟೂ ಘಾಟು ಹೆಚ್ಚು ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪು. ಕಣ್ಣಿಗೆ ಕಾಣುವ ಕಪ್ಪು ಹೊರಗೆ ಸುತ್ತಿದ ಒಂದೇ ಒಂದು ಎಲೆಯದು. ತಲೆ ತಿರುಗಿಸುವ ಬಲ ಬರುವುದು ಒಳಗೆ ಮಡಚಿಟ್ಟ ಎಲೆಗಳಿಂದ. ಇದನ್ನು ನಾಲಿಗೆಯಿಂದಲೇ ತಿಳಿಯಬೇಕೆಂದು ನಾಲ್ಕು ಕಪ್ಪು ಸಿಗಾರ್‌ಗಳನ್ನು ಆರಿಸಿಕೊಂಡೆ: ಪದ್ರೋನ್ 1964 ಆ್ಯನಿವರ್ಸರಿ ಮಡೂರೊ, ಲೀಗಾ ಪ್ರಿವಾಡಾ ನಂಬರ್ 9, ಆಂತಾನ್ಯೊ ಡಾರ್ಕ್ ಕೊರೊಹೊ ಮತ್ತು ಮೈ ಫಾದರ್ ಕಂಪನಿಯ ಲ ಬಿಜೂ 1922. ನಾಲ್ಕೂ ತಯಾರಾಗುವುದು ಒಂದೇ ಊರಿನಲ್ಲಿ, ನಿಕರಾಗುವಾದ ಉತ್ತರಕ್ಕಿರುವ ಎಸ್ತೆಲಿಯಲ್ಲಿ. ಊರು ಒಂದೇ ಆದಾಗ ವ್ಯತ್ಯಾಸ ಎಲೆಯದೇ, ಕೈಗುಣದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಹೋಲಿಕೆ ನ್ಯಾಯವಾಗಿರಲೆಂದು ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಗಾತ್ರದಲ್ಲಿ ಕೊಂಡು, ಒಂದೇ ಪೆಟ್ಟಿಗೆಯಲ್ಲಿ ಶೇಕಡಾ 65ರ ಆಸುಪಾಸಿನ ತೇವದಲ್ಲಿ ಕೆಲವು ವಾರ ಬಿಟ್ಟೆ. ಸೇದಿದ್ದು ಪ್ರತಿ ಸಲವೂ ರಾತ್ರಿ ಊಟವಾದ ಮೇಲೆ, ಬೇರೆ ಬೇರೆ ದಿನ. ಜೊತೆಗೆ ನೀರು ಮಾತ್ರ. ಕಾಫಿಯನ್ನು ಬೇಕೆಂದೇ ದೂರವಿಟ್ಟೆ, ಏಕೆಂದರೆ ಕಪ್ಪು ಸಿಗಾರ್‌ನಲ್ಲಿ ಕಾಫಿಯ ಘಮ ತಾನಾಗಿಯೇ ಇರುತ್ತದೆ. ಲೋಟದಲ್ಲೂ ಅದೇ ಇದ್ದರೆ ಯಾವುದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ.

ಹೊಗೆಸೊಪ್ಪು ನನಗೆ ಹೊಸದಲ್ಲ. ನಮ್ಮದು ಪಿರಿಯಾಪಟ್ಟಣದ ಕಡೆಯ ಬೇಸಾಯದ ಮನೆತನ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಯುವ ವರ್ಜೀನಿಯಾ ತಂಬಾಕನ್ನು ಬುಡದ ಎಲೆಯಿಂದ ಶುರುಮಾಡಿ ಹಂತ ಹಂತವಾಗಿ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸಾಲುಸಾಲಾಗಿ ಏರಿಸಿ ಸೌದೆಯ ಕಾವಿನಲ್ಲಿ ಬೇಯಿಸುತ್ತಾರೆ. ವಾರದೊಳಗೆ ಹಸಿರೆಲೆ ನಿಂಬೆ ಹಳದಿಗೆ ತಿರುಗುತ್ತದೆ, ಎಲೆಯೊಳಗಿನ ಸಕ್ಕರೆ ಹಾಗೆಯೇ ಉಳಿಯುತ್ತದೆ. ಸಿಗರೇಟಿಗೆ ಬೇಕಾದದ್ದು ಅದೇ. ಸಿಗಾರ್‌ನ ಎಲೆಯ ದಾರಿ ಇದಕ್ಕೆ ತದ್ವಿರುದ್ಧ. ಅದು ಬೆಂಕಿಯ ಕಾವಿಲ್ಲದೆ ಗಾಳಿಯಲ್ಲಿ ವಾರಗಟ್ಟಲೆ ನೇತಾಡಿ ಕಂದಾಗುತ್ತದೆ. ಅಷ್ಟರಲ್ಲಿ ಸಕ್ಕರೆ ಬಹುಮಟ್ಟಿಗೆ ಕಳೆದುಹೋಗಿರುತ್ತದೆ. ಆಮೇಲೆ ಆಳೆತ್ತರ ಒಟ್ಟುತ್ತಾರೆ. ಒಟ್ಟಲಿನೊಳಗೆ ತಾನಾಗಿಯೇ ಕಾವು ಹುಟ್ಟುತ್ತದೆ, ಅಮೋನಿಯಾ ಕಣ್ಣು ಉರಿಸುವಂತೆ ಹೊರಬರುತ್ತದೆ, ಕಾವು ಮಿತಿ ಮೀರುವ ಮೊದಲು ಒಟ್ಟಲನ್ನು ಕೆಡವಿ ಅಡಿಯದನ್ನು ಮೇಲೆ, ಮೇಲಿನದನ್ನು ಅಡಿಗೆ ಹಾಕಿ ಮತ್ತೆ ಕಟ್ಟುತ್ತಾರೆ. ಮಡೂರೊ ಎಂದು ಕರೆಯುವ ಕಪ್ಪು ಎಲೆಗೆ ಈ ಕಾವೂ ಹೆಚ್ಚು, ಕಾಲವೂ ಹೆಚ್ಚು. ಆ ಬಣ್ಣ ಈ ಒಟ್ಟಲಿನ ಫಲ. ಹುಳಿತು ಹುಳಿತು ಎಲೆಯ ಒರಟು ಇಳಿದಿರುವುದರಿಂದ ಮಡೂರೊ ಎಷ್ಟೋ ಸಲ ಬಿಳಿಚು ಹೊದಿಕೆಯ ಸಿಗಾರ್‌ಗಿಂತ ಮೃದುವಾಗಿರುತ್ತದೆ.

ಹಾಗಾದರೆ ಬಲ ಎಲ್ಲಿಯದು? ಗಿಡದ ತುದಿಯ ಎಲೆಗಳದು. ಬಿಸಿಲನ್ನು ಹೆಚ್ಚು ಉಂಡು, ದಪ್ಪಗಾಗಿ, ಎಣ್ಣೆ ತುಂಬಿಕೊಂಡ ಈ ಎಲೆಗೆ ಲಿಗೇರೊ ಎಂದು ಹೆಸರು. ಅದು ನಿಧಾನವಾಗಿ ಉರಿಯುವುದರಿಂದ ಸುತ್ತುವವರು ಅದನ್ನು ನಟ್ಟನಡುವೆ ಇಡುತ್ತಾರೆ. ಅದರ ಪ್ರಮಾಣ ಎಷ್ಟು, ಯಾವ ಕಣಿವೆಯದು ಎಂಬುದರ ಮೇಲೆ ಸಿಗಾರ್‌ನ ಜೋರು ನಿಂತಿದೆ. ನಿಕರಾಗುವಾದಲ್ಲಿ ಎಸ್ತೆಲಿ ಕಣಿವೆಯ ಕರಿಮಣ್ಣಿನ ಎಲೆಗೆ ಖಾರ ಹೆಚ್ಚು, ಹಲಾಪಾ ಕಣಿವೆಯದು ಸೌಮ್ಯ, ಕೊಂಡೇಗಾದ್ದು ನಡುವಿನದು.

ಈಗ ನಾಲ್ಕರ ಮಾತಿಗೆ ಬರುತ್ತೇನೆ. ಬಲದಲ್ಲಿ ಎಲ್ಲವನ್ನೂ ಮೀರಿಸಿದ್ದು ಆಂತಾನ್ಯೊ ಡಾರ್ಕ್ ಕೊರೊಹೊ. ಇದರ ಕಾರ್ಖಾನೆ ಹೋಯಾ ದೆ ನಿಕರಾಗುವಾ 1968ರದು, ಆ ದೇಶದ ಸಿಗಾರ್ ಕಾರ್ಖಾನೆಗಳಲ್ಲಿ ಎಲ್ಲಕ್ಕಿಂತ ಹಳೆಯದು. ಒಳಗೂ ಹೊರಗೂ ನಿಕರಾಗುವಾ ಎಲೆಯೇ. ಮೊದಲ ದಮ್ಮಿಗೇ ಕರಿಮೆಣಸು ಮೂಗಿನ ಬುಡಕ್ಕೆ ಏರುತ್ತದೆ. ಅದು ತಗ್ಗಿದ ಮೇಲೆ ತೊಗಲಿನ ವಾಸನೆ, ಕಹಿ ಕೋಕೊ, ಒಣ ಮಣ್ಣಿನ ಘಮ. ಅರ್ಧ ದಾಟುವ ಹೊತ್ತಿಗೆ ಹಣೆಯಲ್ಲಿ ತೆಳ್ಳಗೆ ಬೆವರು ಮೂಡಿತು. ಮಳೆಯಲ್ಲಿ ನೆನೆದ ಹೊಗೆಸೊಪ್ಪು ಮುರಿಯುವ ಕೂಲಿಯಾಳುಗಳಿಗೆ ಚರ್ಮದ ಮೂಲಕ ನಿಕೋಟಿನ್ ಇಳಿದು ತಲೆ ಸುತ್ತಿ ವಾಂತಿಯಾಗುವುದುಂಟು. ಆಂತಾನ್ಯೊ ಕೊಡುವ ಹೊಡೆತ ಅದೇ ಜಾತಿಯದು, ಪ್ರಮಾಣ ಕಡಿಮೆ ಅಷ್ಟೆ. ಖಾಲಿ ಹೊಟ್ಟೆಯಲ್ಲಿ ಇದರ ಹತ್ತಿರ ಸುಳಿಯಬೇಡಿ. ರುಚಿ ಪ್ರಾಮಾಣಿಕವಾದದ್ದು, ಆದರೆ ಒಂದೇ ಸ್ವರದಲ್ಲಿ ಕೊನೆಯವರೆಗೂ ಹೋಗುತ್ತದೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಲೇಬೇಕು. ಸಿಗಾರ್ ಹೊಗೆಯನ್ನು ಎದೆಗೆ ಎಳೆಯುವುದಿಲ್ಲ. ಆದರೂ ತಲೆಗೇರುತ್ತದೆ, ಏಕೆಂದರೆ ಅದರ ಹೊಗೆ ಕ್ಷಾರೀಯ, ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಬಾಯಿ, ಗಂಟಲು, ಅನ್ನನಾಳಗಳ ಕ್ಯಾನ್ಸರ್ ಅಪಾಯವೂ ಅದೇ ಹಾದಿಯಲ್ಲಿ ಬರುತ್ತದೆ. ಎದೆಗೆಳೆಯದಿದ್ದರೆ ಏನೂ ಆಗುವುದಿಲ್ಲ ಎನ್ನುವ ಅಂಗಡಿಯವರ ಮಾತನ್ನು ನಂಬಬೇಡಿ. ನಾನು ಇದನ್ನು ಅಪರೂಪದ ರಾತ್ರಿಗಳಿಗೆ ಮೀಸಲಿಟ್ಟಿರುವುದು ಅದಕ್ಕಾಗಿಯೇ. ಅಭ್ಯಾಸವಿಲ್ಲದವರು ಈ ಬರಹ ಓದಿ ಶುರುಮಾಡಬಾರದು.

ಲೀಗಾ ಪ್ರಿವಾಡಾ ನಂಬರ್ 9 ನೋಡಲು ನಾಲ್ಕರಲ್ಲೂ ಅತಿ ಕಪ್ಪು. ಡ್ರೂ ಎಸ್ಟೇಟ್ ಕಾರ್ಖಾನೆಯದು. ಇದರ ಹೊದಿಕೆ ಬಂದಿರುವುದು ಅಮೆರಿಕದ ಕನೆಟಿಕಟ್ ನದಿ ಕಣಿವೆಯಿಂದ, ಬ್ರಾಡ್‌ಲೀಫ್ ತಳಿಯದು. ಅಲ್ಲಿ ನಮ್ಮಂತೆ ಎಲೆ ಎಲೆ ಮುರಿಯುವುದಿಲ್ಲ, ಗಿಡವನ್ನೇ ಬುಡಸಮೇತ ಕಡಿದು ತಲೆಕೆಳಗಾಗಿ ನೇತುಹಾಕುತ್ತಾರೆ. ಹೊದಿಕೆಯ ಕೆಳಗೆ ಒಳಗಿನ ಎಲೆಗಳನ್ನು ಹಿಡಿದಿಡುವ ಒಳಕಟ್ಟು ಬ್ರೆಜಿಲ್‌ನ ಮಾಟಾ ಫೀನಾ ಎಲೆ, ಹೊಟ್ಟೆಯೊಳಗೆ ನಿಕರಾಗುವಾ ಮತ್ತು ಹೊಂಡುರಾಸ್ ಎಲೆ. ಬೆರಳಾಡಿಸಿದರೆ ಹೊದಿಕೆಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ತಾಕುತ್ತವೆ, ನರಗಳು ದಪ್ಪ, ಬೆರಳಿಗೆ ಜಿಡ್ಡು ಹತ್ತುತ್ತದೆ. ಉರಿದ ಮೇಲೆ ಅದೇ ಗುಳ್ಳೆಗಳು ಬೂದಿಯ ಮೇಲೆ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಹೊಗೆ ಅಪಾರ. ಒಂದು ದಮ್ಮು ಎಳೆದರೆ ಬಾಯಿ ತುಂಬಿ, ಕೆಳಗಿಟ್ಟ ಮೇಲೂ ಸಿಗಾರ್ ತಾನೇ ಹೊಗೆಯಾಡುತ್ತಿರುತ್ತದೆ. ಕಮ್ಮರ್‌ಗಟ್ಟಿನ ಪಾಕದಂಥ ಸಿಹಿವಾಸನೆ, ಹುರಿದ ಕಾಫಿ ಬೀಜ, ಆಗಾಗ ಸುಟ್ಟ ಮಾಂಸದ ಘಮ. ಬಲ ಮಾತ್ರ ಆ ಬಣ್ಣ ಹೆದರಿಸುವಷ್ಟಿಲ್ಲ. ಆಂತಾನ್ಯೊ ಮುಂದೆ ಇದು ಖಂಡಿತ ಒಂದು ಮೆಟ್ಟಿಲು ಕೆಳಗೆ. ಬಣ್ಣ ನೋಡಿ ಬಲ ಅಳೆಯಬೇಡಿ ಎಂದು ಮೊದಲೇ ಹೇಳಿದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ದಪ್ಪ ಎಲೆಯಾದ್ದರಿಂದ ಉರಿ ಒಂದು ಬದಿಗೆ ವಾಲುತ್ತದೆ, ಲೈಟರ್ ಹಿಡಿದು ಸರಿಪಡಿಸಬೇಕಾಗುತ್ತದೆ. ಈ ಬೆಲೆಗೆ ಆ ಕೆಲಸ ನನ್ನದಾಗಬಾರದಿತ್ತು.

ಪದ್ರೋನ್ ಕಥೆಯೇ ಬೇರೆ. ಹೊಸೆ ಒರ್ಲಾಂಡೊ ಪದ್ರೋನ್ ಕ್ಯೂಬಾ ಬಿಟ್ಟು ಬಂದು 1964ರಲ್ಲಿ ಮಯಾಮಿಯಲ್ಲಿ ಶುರುಮಾಡಿದ ಕಂಪನಿ ಇದು. ಗೆಳೆಯನೊಬ್ಬ ಕೊಟ್ಟ ಸಣ್ಣ ಸುತ್ತಿಗೆ ಹಿಡಿದು ಬಡಗಿ ಕೆಲಸ ಮಾಡಿ ಕೂಡಿಸಿದ ದುಡ್ಡೇ ಅದರ ಬಂಡವಾಳ. ಆಮೇಲೆ ನಿಕರಾಗುವಾ ಎಲೆಯನ್ನು ನಂಬಿ ಅಲ್ಲಿಗೆ ಹೋದರು. 1978ರಲ್ಲಿ, ಆ ದೇಶದ ಅಂತರ್ಯುದ್ಧದ ಹೊತ್ತಿನಲ್ಲಿ, ಎಸ್ತೆಲಿಯ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿದರು. ಕಂಪನಿಗೆ ಮೂವತ್ತು ತುಂಬಿದಾಗ, 1994ರಲ್ಲಿ, ಈ ಆ್ಯನಿವರ್ಸರಿ ಸಾಲು ಹೊರಬಂತು. ಎಲೆಯನ್ನು ನಾಲ್ಕು ವರ್ಷ ಮಾಗಿಸಿಯೇ ಸುತ್ತುತ್ತಾರೆ. ಪೆಟ್ಟಿಗೆಯಲ್ಲಿ ಒತ್ತಿಟ್ಟು ನಾಲ್ಕು ಮೂಲೆ ಮೂಡಿಸಿರುವುದರಿಂದ ಬೆರಳುಗಳ ನಡುವೆ ಉರುಳದೆ ನಿಲ್ಲುತ್ತದೆ.

ಈ ನಾಲ್ಕು ವರ್ಷ ನಾಲಿಗೆಗೆ ಗೊತ್ತಾಗುತ್ತದೆ. ಆಂತಾನ್ಯೊದಲ್ಲಿ ಮೆಣಸು ಮುಂದೆ ನುಗ್ಗಿ ಉಳಿದದ್ದನ್ನೆಲ್ಲ ಮುಚ್ಚಿದರೆ, ಇಲ್ಲಿ ಮೆಣಸು ಕೋಕೊದ ಹಿಂದೆ ನಿಂತಿರುತ್ತದೆ. ಮೊದಲ ಭಾಗದಲ್ಲಿ ಕೋಕೊ ಮತ್ತು ಹುರಿದ ಬಾದಾಮಿಯಂಥ ಬೀಜಗಳ ಘಮ, ನಡುವೆ ಹಾಲಿಲ್ಲದ ಕಾಫಿ, ಕೊನೆಗೆ ಒಣದ್ರಾಕ್ಷಿಯಂಥ ಸಿಹಿಹುಳಿ. ಹೊಗೆಯನ್ನು ಸ್ವಲ್ಪ ಮೂಗಿನಿಂದ ಬಿಟ್ಟರೂ ಉರಿಯಲಿಲ್ಲ. ಬೂದಿ ಬೂದುಗಪ್ಪಾಗಿ, ಗಟ್ಟಿಯಾಗಿ, ಬಹಳ ಹೊತ್ತು ಅಂಟಿಕೊಂಡಿತ್ತು. ಒಮ್ಮೆ ಹೊತ್ತಿಸಿದ ಮೇಲೆ ಕೊನೆಯವರೆಗೆ ಲೈಟರ್ ಕೈಗೆತ್ತಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಬಲ ಇಲ್ಲವೇ? ಇದೆ, ಎದ್ದು ನಿಂತಾಗ ಗೊತ್ತಾಗುತ್ತದೆ. ಆದರೆ ಅದು ರುಚಿಯ ಮೇಲೆ ಸವಾರಿ ಮಾಡುವುದಿಲ್ಲ. ಬಾಯಿ ತುಂಬುವ ರುಚಿಯ ಸಿಗಾರ್ ಎಂದರೆ ನನ್ನ ಮಟ್ಟಿಗೆ ಇದು. ಈ ನಾಲ್ಕರಲ್ಲಿ ಮೊದಲ ಸ್ಥಾನ ಪದ್ರೋನ್‌ಗೆ, ಅದರಲ್ಲಿ ಎರಡು ಮಾತಿಲ್ಲ.

ಲ ಬಿಜೂ 1922 ಬಗ್ಗೆ ಉದ್ದಕ್ಕೆ ಹೇಳುವುದಿಲ್ಲ, ಅದು ಆಂತಾನ್ಯೊ ಮತ್ತು ಪದ್ರೋನ್‌ಗಳ ನಡುವೆ ಸೊಗಸಾಗಿ ಕೂರುತ್ತದೆ. ಕ್ಯೂಬಾದಿಂದ ಬಂದ ಹೊಸೆ ಪೆಪಿನ್ ಗಾರ್ಸಿಯಾ ತಮ್ಮ ತಂದೆಯ ನೆನಪಿಗೆ ಮಾಡಿದ್ದು, 1922 ಆ ತಂದೆ ಹುಟ್ಟಿದ ವರ್ಷ. ಇದರ ಟಾರ್ಪಿಡೊ ಎಂಬ ಚೂಪು ತುದಿಯ ಆಕಾರದ್ದನ್ನು ಸಿಗಾರ್ ಅಫಿಷಿಯೊನಾಡೊ ಪತ್ರಿಕೆ 2015ರ ಅತ್ಯುತ್ತಮ ಸಿಗಾರ್ ಎಂದು ಆರಿಸಿತ್ತು. ಮೊದಲ ಬೆರಳುದ್ದ ಆಂತಾನ್ಯೊದಷ್ಟೇ ಮೆಣಸು, ಆಮೇಲೆ ಪದ್ರೋನ್‌ನ ಹತ್ತಿರ ಬರುವ ಕೋಕೊ. ಕೊನೆಯ ಭಾಗದಲ್ಲಿ ಸ್ವಲ್ಪ ಬಿಸಿಯಾಗುತ್ತದೆ, ದಮ್ಮು ದಮ್ಮಿನ ನಡುವೆ ಹೆಚ್ಚು ಬಿಡುವು ಕೊಡಬೇಕು. ಪದ್ರೋನ್ ಬೆಲೆ ಕೈಗೆ ಎಟುಕದಿದ್ದರೆ ನಾನು ಕಣ್ಣು ಮುಚ್ಚಿ ಇದನ್ನೇ ಕೊಳ್ಳುತ್ತೇನೆ.

ಬೆಲೆಯ ವಿಚಾರದಲ್ಲಿ ಆಂತಾನ್ಯೊ ಅಗ್ಗ, ಪದ್ರೋನ್ ಅದರ ದುಪ್ಪಟ್ಟಿನ ಹತ್ತಿರ ಹೋಗುತ್ತದೆ, ಲೀಗಾ ಪದ್ರೋನ್‌ನ ಬೆನ್ನಿಗೇ ಇದೆ. ಬೆಂಗಳೂರಿನಲ್ಲಿ ಕೊಳ್ಳುವವರಿಗೆ ಆಮದು ಸುಂಕ ಸೇರಿ ಲೆಕ್ಕ ಇನ್ನೂ ಭಾರವಾಗುತ್ತದೆ. ಅಷ್ಟು ಕೊಟ್ಟು ಪದ್ರೋನ್ 1964 ತೆಗೆದುಕೊಳ್ಳುವಾಗ ಸಿಗಾರ್‌ಗೆ ಸುತ್ತಿದ ಕಾಗದದ ಪಟ್ಟಿಗಳನ್ನು ಪರೀಕ್ಷಿಸಿ. ಒಂದಲ್ಲ, ಎರಡು ಪಟ್ಟಿ ಇರಬೇಕು, ಎರಡನೆಯದರ ಮೇಲೆ ಆ ಒಂದು ಸಿಗಾರ್‌ಗೇ ಸೇರಿದ ಕ್ರಮಸಂಖ್ಯೆ ಅಚ್ಚಾಗಿರಬೇಕು. ಒಂದೇ ಪೆಟ್ಟಿಗೆಯ ಎರಡು ಸಿಗಾರ್‌ಗಳ ಮೇಲೆ ಒಂದೇ ಸಂಖ್ಯೆ ಕಂಡರೆ ಪೆಟ್ಟಿಗೆಯನ್ನು ಅಲ್ಲಿಯೇ ಬಿಟ್ಟು ಬನ್ನಿ.