ಪ್ರವಾಸಕ್ಕೆ ಮುಂಚೆ ಲಸಿಕೆ: ಡಾಕ್ಟರ್ ಹತ್ತಿರವಾ, ಟ್ರಾವೆಲ್ ಕ್ಲಿನಿಕ್ಕಾ, ಫಾರ್ಮಸಿಯಾ?

ಮೂರು ವಿದೇಶ ಪ್ರವಾಸಕ್ಕೆ ಮೂರು ಬೇರೆ ಬೇರೆ ಕಡೆ ಲಸಿಕೆ ಹಾಕಿಸಿಕೊಂಡೆ. ಮೊದಲು ಫ್ಯಾಮಿಲಿ ಡಾಕ್ಟರ್ ಹತ್ತಿರ, ಆಮೇಲೆ ಟ್ರಾವೆಲ್ ಕ್ಲಿನಿಕ್‌ನಲ್ಲಿ, ಕೊನೆಗೆ ಫಾರ್ಮಸಿಯಲ್ಲಿ. ಚುಚ್ಚುವ ಸೂಜಿ, ಒಳಗಿನ ಔಷಧಿ ಎಲ್ಲ ಕಡೆ ಒಂದೇ. ಚುಚ್ಚುವ ಮುಂಚೆ ಏನೇನು ಕೇಳುತ್ತಾರೆ ಅನ್ನುವುದರಲ್ಲಿ ಮಾತ್ರ ತುಂಬ ಫರಕು ಇದೆ. ಹಾಗಾಗಿ ಪ್ರಶ್ನೆಗಳನ್ನು ಇಟ್ಟುಕೊಂಡೇ ಹೋಲಿಸುತ್ತೇನೆ.

ಮೊದಲ ಸಲ ಹೋಗಿದ್ದು ವಿಯೆಟ್ನಾಂಗೆ. ಹಳ್ಳಿ ದಾರಿಯಲ್ಲಿ ಸೈಕಲ್ ತುಳಿಯುವ ಯೋಜನೆ. ನಮ್ಮ ಡಾಕ್ಟರಿಗೆ ನನ್ನ ಆರೋಗ್ಯದ ಚರಿತ್ರೆಯೆಲ್ಲ ಗೊತ್ತು. ಧನುರ್ವಾಯುವಿನ ಲಸಿಕೆ ಹಾಕಿ 10 ವರ್ಷ ದಾಟಿದೆ ಅಂತ ನಾನು ಕೇಳುವ ಮುಂಚೆಯೇ ಅವರು ಹೇಳಿದರು. ಬೂಸ್ಟರ್ ಅಲ್ಲೇ ಸಿಕ್ಕಿತು. ಟೈಫಾಯ್ಡ್ ಮತ್ತು ಹೆಪಟೈಟಿಸ್ ಎ ಲಸಿಕೆ ಮಾತ್ರ ಅವರ ಫ್ರಿಜ್‌ನಲ್ಲಿ ಇರಲಿಲ್ಲ. ಚೀಟಿ ಬರೆದುಕೊಟ್ಟರು. ನಾನೇ ಕೊಂಡು ತರಬೇಕಾಯಿತು.

ಬಿಸಿಲಲ್ಲಿ ಕೆಟ್ಟೀತು ಅಂತ ನಾನು ಡಬ್ಬಿಗಳನ್ನು ಐಸ್ ಮೇಲೆ ನೇರವಾಗಿ ಇಟ್ಟುಕೊಂಡು ಬಂದೆ. ಡಾಕ್ಟರ್ ನೋಡಿದ ಕೂಡಲೇ ಬೇಡ ಅಂದರು. ಇಂಥ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕು. ಬಿಸಿಯಾದರೆ ಎಷ್ಟು ಕೆಟ್ಟದ್ದೋ, ಹೆಪ್ಪುಗಟ್ಟಿದರೂ ಅಷ್ಟೇ ಕೆಟ್ಟದ್ದು. ಹೆಪಟೈಟಿಸ್ ಎ ಲಸಿಕೆಯಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಮತ್ತೆ ಸರಿಯಾಗಿ ಬೆರೆಯುವುದಿಲ್ಲ, ಲಸಿಕೆಯ ಶಕ್ತಿ ಹೋಗಿಬಿಡುತ್ತದೆ. ಮತ್ತೆ ಹೊಸದು ಕೊಂಡು ತರುವಷ್ಟರಲ್ಲಿ ನಾಲ್ಕು ದಿನ ಕಳೆಯಿತು. ಟೈಫಾಯ್ಡ್ ಇಂಜೆಕ್ಷನ್ ಹೊರಡುವ ಎರಡು ವಾರ ಮುಂಚೆ ಆಗಿರಬೇಕು. ನನಗೆ ಸಿಕ್ಕಿದ್ದು ಹನ್ನೊಂದೇ ದಿನ.

ಅದಕ್ಕಿಂತ ದೊಡ್ಡ ಕೊರತೆ ನನಗೆ ಗೊತ್ತಾಗಿದ್ದು ಮುಂದಿನ ವರ್ಷ. ಹಳ್ಳಿ ದಾರಿ, ಸೈಕಲ್ ಅಂದರೆ ನಾಯಿಗಳು ಬೆನ್ನಟ್ಟುವುದು ಖಂಡಿತ, ಅಲ್ವಾ? ರೇಬೀಸ್ ಬಗ್ಗೆ ಅಲ್ಲಿ ಮಾತೇ ಬರಲಿಲ್ಲ. ಅಲ್ಲಿ ಹೋಗಿ ಏನು ಮಾಡುತ್ತೀರಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಎರಡನೇ ಸಲ ದಕ್ಷಿಣ ಆಫ್ರಿಕಾ. ಟ್ರಾವೆಲ್ ಕ್ಲಿನಿಕ್‌ನಲ್ಲಿ ಅಪಾಯಿಂಟ್‌ಮೆಂಟ್ ಸಿಗಲು ಹತ್ತು ದಿನ ಕಾದೆ. ಸಲಹೆಗೇ ಬೇರೆ ಫೀಸು. ಆದರೆ ಅಲ್ಲಿ ಕೇಳಿದ ಮೊದಲ ಪ್ರಶ್ನೆಯೇ ನನ್ನನ್ನು ಉಳಿಸಿತು. ಯಾವ ದಾರಿಯಲ್ಲಿ ಹೋಗುತ್ತೀರಿ, ನಡುವೆ ಎಲ್ಲಿ ಇಳಿಯುತ್ತೀರಿ ಅಂದರು. ಟಿಕೆಟ್ ತೋರಿಸಿದೆ. ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ 14 ಗಂಟೆ ಕಾಯುವುದಿತ್ತು. ದಕ್ಷಿಣ ಆಫ್ರಿಕಾದಲ್ಲಿ ಹಳದಿ ಜ್ವರ (ಸೊಳ್ಳೆಯಿಂದ ಹರಡುವ ಯೆಲ್ಲೋ ಫೀವರ್) ಇಲ್ಲ, ಇಥಿಯೋಪಿಯಾದಲ್ಲಿ ಇದೆ. ಹಳದಿ ಜ್ವರ ಇರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಜಾಸ್ತಿ ಇದ್ದು ಬಂದವರಿಂದ ದಕ್ಷಿಣ ಆಫ್ರಿಕಾ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಹೋಗುವ ದೇಶದ ಹೆಸರನ್ನಷ್ಟೇ ಹೇಳಿದ್ದರೆ ಈ ವಿಷಯ ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಈ ಲಸಿಕೆಯನ್ನು ಎಲ್ಲೆಂದರಲ್ಲಿ ಹಾಕಿಸಿಕೊಳ್ಳುವ ಹಾಗಿಲ್ಲ. ಸರ್ಕಾರ ಒಪ್ಪಿದ ಕೇಂದ್ರದಲ್ಲೇ ಹಾಕಿಸಿಕೊಂಡು, ಹಳದಿ ಬಣ್ಣದ ಅಂತರರಾಷ್ಟ್ರೀಯ ಕಾರ್ಡಿನಲ್ಲಿ ಸಹಿ, ಮುದ್ರೆ ಪಡೆಯಬೇಕು. ಕಾರ್ಡು ಊರ್ಜಿತವಾಗುವುದು ಲಸಿಕೆ ಹಾಕಿದ 10 ದಿನದ ನಂತರ. ಹಿಂದೆ 10 ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕಿತ್ತು. 2016ರ ಜುಲೈ 11ರಿಂದ ಒಂದು ಸಲ ಹಾಕಿಸಿಕೊಂಡ ಕಾರ್ಡು ಜೀವನಪೂರ್ತಿ ನಡೆಯುತ್ತದೆ. ಕಾರ್ಡಿನಲ್ಲಿರುವ ಹೆಸರು, ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಒಂದೇ ಇದೆಯಾ ಅಂತ ಅಲ್ಲೇ ನಿಂತು ನೋಡಿಕೊಳ್ಳಿ.

ರೇಬೀಸ್ ಮಾತು ಬಂದದ್ದೂ ಇಲ್ಲೇ. ಆರೋಗ್ಯವಂತರಿಗೆ ಒಂದು ವಾರದ ಅಂತರದಲ್ಲಿ ಎರಡು ಡೋಸ್ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ಹಾಕಿಸಿಕೊಂಡಿದ್ದರೂ ನಾಯಿ ಕಚ್ಚಿದರೆ ಗಾಯ ತೊಳೆದು ಮತ್ತೆ ಲಸಿಕೆ ಹಾಕಿಸಿಕೊಳ್ಳಲೇಬೇಕು. ಆದರೆ ಇಮ್ಯುನೊಗ್ಲೋಬ್ಯುಲಿನ್, ಅಂದರೆ ವೈರಸ್ಸನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್, ಬೇಕಾಗುವುದಿಲ್ಲ. ಅದು ಸಿಗುವುದು ಎಷ್ಟೋ ಕಡೆ ಕಷ್ಟ. ದೂರದ ಊರುಗಳಿಗೆ ಹೋಗುವವರಿಗೆ ಇದು ಸಣ್ಣ ವಿಷಯವಲ್ಲ.

ಕ್ಲಿನಿಕ್‌ನ ಕೊರತೆ ಒಂದೇ. ನನ್ನ ಹಳೆಯ ದಾಖಲೆ ಅವರ ಹತ್ತಿರ ಇರಲಿಲ್ಲ. ಹೆಪಟೈಟಿಸ್ ಎ ಎರಡನೇ ಡೋಸ್ ಕೊಡಲು ಮೊದಲನೆಯದು ಯಾವಾಗ ಆಯಿತು ಅಂತ ಗೊತ್ತಾಗಬೇಕಿತ್ತು. ಚೀಟಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಕೊನೆಗೆ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ.

ಮೂರನೇ ಸಲ ಅಮ್ಮನೂ ನನ್ನ ಜೊತೆ ಹೊರಟರು, ಪೆರುವಿಗೆ. ಈ ಸಲ ಫಾರ್ಮಸಿ. ಎಲ್ಲ ದೇಶಗಳಲ್ಲೂ ಫಾರ್ಮಸಿಸ್ಟ್ ಲಸಿಕೆ ಹಾಕುವ ಹಾಗಿಲ್ಲ. ಬ್ರಿಟನ್, ಕೆನಡಾ, ಅಮೆರಿಕ, ಆಸ್ಟ್ರೇಲಿಯಾದಂಥ ಕಡೆ ತರಬೇತಿ ಪಡೆದವರಿಗೆ ಅನುಮತಿ ಇದೆ. ಸಂಜೆ ಕೆಲಸ ಮುಗಿಸಿ ಹೋದೆವು, ಕಾಯಲಿಲ್ಲ. ಲಸಿಕೆ ಅಲ್ಲಿನ ಫ್ರಿಜ್‌ನಿಂದ ನೇರ ತೋಳಿಗೆ ಬಂತು. ಮೊದಲ ಸಲದ ಐಸ್ ಪಾಡು ನೆನೆದಾಗ ಇದೇ ನನಗೆ ದೊಡ್ಡ ಸಮಾಧಾನ ಅನ್ನಿಸಿತು. ಆಮೇಲೆ 15 ನಿಮಿಷ ಕಣ್ಣೆದುರಿಗೇ ಕೂರಿಸಿದರು. ತೀವ್ರ ಅಲರ್ಜಿ ಆದರೆ ಅಡ್ರಿನಲಿನ್ ಇದೆಯಾ ಅಂತ ಕೇಳಿದೆ. ಬೇಸರ ಮಾಡಿಕೊಳ್ಳದೆ ತೆಗೆದು ತೋರಿಸಿದರು. ಎಲ್ಲಿ ಹಾಕಿಸಿಕೊಂಡರೂ ಈ ಪ್ರಶ್ನೆಯನ್ನು ಸಂಕೋಚ ಇಲ್ಲದೆ ಕೇಳಿ.

ನನ್ನ ಟೈಫಾಯ್ಡ್ ಬೂಸ್ಟರ್ ಎರಡು ನಿಮಿಷದಲ್ಲಿ ಮುಗಿಯಿತು. ಅಮ್ಮನ ಸರದಿ ಬಂದಾಗ ಫಾರ್ಮಸಿಸ್ಟ್ ಅವರ ಮಾತ್ರೆಗಳ ಪಟ್ಟಿ ಓದಿ ನಿಲ್ಲಿಸಿದರು. ಅಮ್ಮನಿಗೆ ಸಂಧಿವಾತ ಇದೆ, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತಾರೆ. ಅದು ದೇಹದ ರೋಗ ತಡೆಯುವ ಶಕ್ತಿಯನ್ನು ತಗ್ಗಿಸುವ ಔಷಧಿ. ಹಳದಿ ಜ್ವರದ ಲಸಿಕೆಯಲ್ಲಿ ಇರುವುದು ಬಲ ಕುಗ್ಗಿಸಿದ ಜೀವಂತ ವೈರಸ್. 2024ರಲ್ಲಿ ತಯಾರಿಕೆ ನಿಲ್ಲುವ ತನಕ ಟೈಫಾಯ್ಡ್‌ಗೆ ಕೊಡುತ್ತಿದ್ದ ಕ್ಯಾಪ್ಸೂಲ್‌ನಲ್ಲೂ ಜೀವಂತ ಬ್ಯಾಕ್ಟೀರಿಯಾ ಇರುತ್ತಿತ್ತು. ರೋಗ ತಡೆಯುವ ಶಕ್ತಿ ತಗ್ಗಿದವರಿಗೆ ಇಂಥ ಜೀವಂತ ಲಸಿಕೆ ಅಪಾಯ. ಅಮ್ಮನಿಗೆ 60 ದಾಟಿದೆ. ಆ ವಯಸ್ಸಿನ ಮೇಲೆ ಮೊದಲ ಸಲ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳುವವರಿಗೆ ಗಂಭೀರ ಅಡ್ಡ ಪರಿಣಾಮದ ಅಪಾಯ ಬೇರೆಯವರಿಗಿಂತ ಜಾಸ್ತಿ. ಜೀವಂತ ಅಲ್ಲದ ಟೈಫಾಯ್ಡ್ ಇಂಜೆಕ್ಷನ್, ಹೆಪಟೈಟಿಸ್ ಎ ಎರಡನ್ನೂ ಅವರು ಕೊಟ್ಟರು. ಈ ಮಾತ್ರೆಯಿಂದಾಗಿ ರಕ್ಷಣೆ ಸ್ವಲ್ಪ ಕಡಿಮೆಯಾಗಬಹುದು, ಊಟ, ನೀರಿನಲ್ಲಿ ಎಚ್ಚರ ಇರಲಿ ಅಂದರು. ಹಳದಿ ಜ್ವರದ ವಿಷಯವನ್ನು ಇಲ್ಲಿ ತೀರ್ಮಾನ ಮಾಡುವುದಿಲ್ಲ, ಟ್ರಾವೆಲ್ ಕ್ಲಿನಿಕ್‌ಗೆ ಹೋಗಿ ಅಂತ ಚೀಟಿ ಬರೆದುಕೊಟ್ಟರು. ಒಂದು ಮಾತ್ರೆಯ ಹೆಸರು ನೋಡಿ ಕೈ ತಡೆದ ಅವರ ಬಗ್ಗೆ ನನಗೆ ಬಹಳ ಗೌರವ.

ಆದರೆ ಅಲ್ಲಿನ ಫಾರಂ ನನಗೆ ಅಷ್ಟು ಒಪ್ಪಿಗೆ ಆಗಲಿಲ್ಲ. ದೇಶದ ಹೆಸರು ಕೇಳುತ್ತದೆ, ದಿನ ಕೇಳುತ್ತದೆ, ಅಲ್ಲಿಗೆ ಮುಗಿಯಿತು. ಪೆರುವಿನ ಯಾವ ಭಾಗ ಅಂತ ಕೇಳುವುದಿಲ್ಲ. ಇಕಿಟೋಸ್‌ಗೆ ಹೋಗಿ ಅಮೆಜಾನ್ ಕಾಡು ನೋಡುತ್ತೇವೆ ಅಂತ ನಾನೇ ಬಾಯಿ ಬಿಟ್ಟು ಹೇಳಬೇಕಾಯಿತು.

ಕ್ಲಿನಿಕ್‌ನವರು ನಕ್ಷೆ ತೆಗೆದು ಕೂತರು. ಪೆರುವಿನಲ್ಲಿ ಹಳದಿ ಜ್ವರದ ಭಯ ಇರುವುದು 2300 ಮೀಟರ್‌ಗಿಂತ ಕೆಳಗಿನ ಕಾಡು ಪ್ರದೇಶದಲ್ಲಿ. ಲಿಮಾ, ಕುಸ್ಕೊ, ಮಾಚು ಪಿಚುಗಳನ್ನು ಮಾತ್ರ ನೋಡಿ ಬರುವವರಿಗೆ ಈ ಲಸಿಕೆ ಬೇಕಾಗಿಲ್ಲ. ನಾವು ಇಕಿಟೋಸ್ ಕೈಬಿಟ್ಟೆವು. ಅಮ್ಮ ಮೊದಲು ಸ್ವಲ್ಪ ಬೇಜಾರು ಮಾಡಿಕೊಂಡರು. ನನಗೆ ಮಾತ್ರ ಎದೆಯ ಮೇಲಿನ ಭಾರ ಇಳಿಯಿತು.

ಇಷ್ಟಾದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಆರೋಗ್ಯವಾಗಿದ್ದೀರಿ, ಯಾವ ಲಸಿಕೆ ಬೇಕು ಅಂತ ಗೊತ್ತಿದೆ, ಬೂಸ್ಟರ್ ಅಥವಾ ಎರಡನೇ ಡೋಸ್ ಬಾಕಿ ಇದೆ ಅಂದರೆ ಫಾರ್ಮಸಿಯೇ ವಾಸಿ. ರೇಬೀಸ್‌ನಂತೆ ವಾರ ಬಿಟ್ಟು ಮತ್ತೆ ಹೋಗಬೇಕಾದವಕ್ಕಂತೂ ಸಂಜೆ ಬಾಗಿಲು ತೆಗೆದಿರುವ ಜಾಗವೇ ಅನುಕೂಲ. ಎರಡು ಮೂರು ದೇಶ ದಾಟುವ ಪ್ರಯಾಣ, ಕಾಡು, ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ರೋಗ ತಡೆಯುವ ಶಕ್ತಿ ತಗ್ಗಿಸುವ ಔಷಧಿ, ಇವುಗಳಲ್ಲಿ ಯಾವುದಿದ್ದರೂ ಕಾದರೂ ಪರವಾಗಿಲ್ಲ, ಟ್ರಾವೆಲ್ ಕ್ಲಿನಿಕ್‌ಗೇ ಹೋಗಿ. ಮಲೇರಿಯಾ ಇರುವ ಕಡೆ ಹೋಗುವುದಾದರೆ ಮಾತ್ರೆಯ ವಿಷಯವನ್ನೂ ಅಲ್ಲೇ ಕೇಳಿ. ಕೆಲವು ಮಾತ್ರೆಗಳನ್ನು ಹೊರಡುವ ಎರಡು ದಿನ ಮುಂಚೆ ಶುರು ಮಾಡಿದರೆ ಸಾಕು, ಕೆಲವನ್ನು ಎರಡು ಮೂರು ವಾರ ಮುಂಚೆಯೇ ಶುರು ಮಾಡಬೇಕು. ಫ್ಯಾಮಿಲಿ ಡಾಕ್ಟರ್ ಹತ್ತಿರ ಈಗ ನಾನು ಹಳೆಯ ಲಸಿಕೆಗಳ ದಾಖಲೆ ತೆಗೆದುಕೊಳ್ಳಲು ಮಾತ್ರ ಹೋಗುತ್ತೇನೆ, ಅದೂ ಎಲ್ಲಕ್ಕಿಂತ ಮೊದಲು.

ಹೊರಡುವ ಆರು ವಾರ ಮುಂಚೆ ಶುರು ಮಾಡಿದರೆ ಮೂರೂ ಕಡೆ ಓಡಾಡಲು ಸಮಯ ಸಿಗುತ್ತದೆ. ಹೋಗುವಾಗ ನಾನು ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡಿರುತ್ತೇನೆ: ಇಳಿಯುವ ಪ್ರತಿ ಊರು, ಕಾಯುವ ಪ್ರತಿ ವಿಮಾನ ನಿಲ್ದಾಣ, ಅಲ್ಲಿ ಏನು ಮಾಡುತ್ತೇವೆ, ಈಗ ತೆಗೆದುಕೊಳ್ಳುತ್ತಿರುವ ಪ್ರತಿ ಮಾತ್ರೆ. ಕೇಳದಿದ್ದರೂ ಆ ಹಾಳೆಯನ್ನು ಮುಂದಿಡುತ್ತೇನೆ. ಅಮ್ಮನ ಹೆಪಟೈಟಿಸ್ ಎ ಎರಡನೇ ಡೋಸ್ 6 ತಿಂಗಳ ಮೇಲೆ ಇದೆ. ಅದೇ ಫಾರ್ಮಸಿಯಿಂದ ನೆನಪಿನ ಮೆಸೇಜ್ ಬರುತ್ತದೆ, ಆ ಸಂಜೆ ಇಬ್ಬರೂ ಹೋಗಿ ಬರುತ್ತೇವೆ.